ಗೂಳಪ್ಪ ಹತ್ತಿರ ಹೋಗದ ಮರ

ದಾಂಡೇಲಿಯ ಕಾಡಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತಾರೆ ಮರದಿಂದ ಐವತ್ತು ಹೆಜ್ಜೆ ಆಚೆ ಗೂಳಪ್ಪ ಕುಕ್ಕರಗಾಲಲ್ಲಿ ಕೂತಿದ್ದಾರೆ. ತಲೆಯ ಮೇಲೆ ಭರ್ರೆಂದು ರೆಕ್ಕೆಯ ಸದ್ದು. ಗಂಡು ಮಂಗಟ್ಟೆ, ಪ್ರವಾಸಿಗರ ಬಾಯಲ್ಲಿ ಹಾರ್ನ್‌ಬಿಲ್, ಮರದ ಪೊಟರೆಗೆ ಆತುಕೊಂಡು ಗಂಟಲಿನಿಂದ ಒಂದೊಂದೇ ಅತ್ತಿಹಣ್ಣು ತೆಗೆದು ಒಳಗೆ ಕೊಡುತ್ತದೆ. ಸಣ್ಣ ಸೀಳಿನಲ್ಲಿ ಹೆಣ್ಣಿನ ಕೊಕ್ಕಿನ ತುದಿ ಮಾತ್ರ ಕಾಣುತ್ತದೆ. ಗೂಳಪ್ಪ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಾರೆ.

"ಹದಿನೇಳು ಹಣ್ಣು. ತಾಯಿ ಹೊಟ್ಟಿ ತುಂಬಿದ್ರ ಸಾಕ್ರಿ."

ಐವತ್ತೆರಡರ ಗೂಳಪ್ಪ ಅರಣ್ಯ ಇಲಾಖೆಯ ದಿನಗೂಲಿ ವಾಚರ್. ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಅಪ್ಪ ಧಾರವಾಡದ ಕಡೆಯಿಂದ ಬಂದವರು. ಮಗನಿಗೆ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳಲು ಬರುತ್ತಿತ್ತು, ಕಾಡಿನ ಗಂಧಗಾಳಿ ಇರಲಿಲ್ಲ. ಈಗ ಜನವರಿಯಿಂದ ಮಳೆ ಹಿಡಿಯುವವರೆಗೆ ಹನ್ನೊಂದು ಗೂಡುಗಳ ಕಾವಲು, ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡಿಗೆ. ಮರಗಳ್ಳರಿಗಿಂತ ಫೋಟೋ ಹುಚ್ಚಿನವರನ್ನು ದೂರ ಇಡುವುದೇ ಕಷ್ಟ. ಈ ಸಲದ ಹಕ್ಕಿ ಹಬ್ಬದಲ್ಲಿ ಶಾಲು ಹೊದಿಸುತ್ತೇವೆಂದು ಸಾಹೇಬರು ಹೇಳಿ ಕಳಿಸಿದ್ದಾರೆ. ಅಂದಿನಿಂದ ಗೂಳಪ್ಪನವರಿಗೆ ಊಟ ಸೇರುತ್ತಿಲ್ಲ.

ಕಾರಣ ಇದೇ ತಾರೆ ಮರ. ಹದಿನೆಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ, ಮಣ್ಣು ಹಿಕ್ಕೆ ಮೆತ್ತಿ ಮುಚ್ಚಿದ ಈ ಪೊಟರೆ ಅವರ ಕಣ್ಣಿಗೆ ಬಿತ್ತು. ಒಳಗೊಂದು ಹಕ್ಕಿ, ಹೊರಗೆ ಗಂಡಿನ ಕೂಗು. ಪಾಪ, ಜೀವ ಸಿಕ್ಕಿಬಿದ್ದಿದೆ ಎಂದುಕೊಂಡರು. ಬಿದಿರಿನ ಏಣಿ ಹಾಕಿ ಹತ್ತಿ, ಕುಡಗೋಲಿನಿಂದ ಮೆತ್ತಿದ ಮಣ್ಣು ಒಡೆದರು.

"ಪುಣ್ಯಾ ಮಾಡಾಕತ್ತೇನಿ ಅಂತ ಎದಿ ಉಬ್ಬಿತ್ರಿ. ಹಾರಿ ಹೋಗವ್ವಾ ಅಂದೆ. ಅದು ಅಂಜಿ ಹೊರಗ ಜಿಗೀತು, ಕಲ್ಲಿನಂಗ ಬಿತ್ತು. ರೆಕ್ಕ್ಯಾಗ ಗರಿನ ಇರಲಿಲ್ಲ."

ಹೆಣ್ಣು ಮಂಗಟ್ಟೆ ತಾನಾಗಿಯೇ ಒಳಗಿನಿಂದ ಬಾಗಿಲು ಮೆತ್ತಿಕೊಳ್ಳುತ್ತದೆ. ಹಾರುವ ಗರಿಗಳನ್ನೆಲ್ಲ ಉದುರಿಸಿ ಮೊಟ್ಟೆಗೆ ಕಾವು ಕೂರುತ್ತದೆ. ಹೊಸ ಗರಿ ಬರುವವರೆಗೆ ಗಂಡು ತಂದದ್ದೇ ಅನ್ನ. ಇದನ್ನು ಹೇಳಿದವರು ಜೋಯಿಡಾ ಕಡೆಯ ಹಿರಿಯ ವಾಚರ್ ಜ್ಯೋತಿಬಾ. ಅಷ್ಟರಲ್ಲಿ ಎರಡು ದಿನ ಕಳೆದಿತ್ತು, ಗೂಳಪ್ಪನವರ ಮನೆಯ ಬುಟ್ಟಿಯಲ್ಲಿ ಹಕ್ಕಿ ಸತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು. ಗೂಡು ಯಾರು ಒಡೆದರೆಂದು ಜ್ಯೋತಿಬಾ ಕೇಳಿದಾಗ ಗೂಳಪ್ಪ ಮಂಗಗಳ ಮೇಲೆ ಹಾಕಿಬಿಟ್ಟರು.

"ಒಡದದ್ದು ತಿಳೀದ ಮಾಡಿದ ತಪ್ಪು. ಸುಳ್ಳ ಮಾತ್ರ ಗೊತ್ತಿದ್ದ ಹೇಳೇನ್ರಿ. ಗಂಡು ಒಂಬತ್ತು ದಿನ ಹಣ್ಣು ತಂತು, ಖಾಲಿ ತೂತಿನಾಗ ಹಾಕಿ ಹಾಕಿ ಹೋತು. ಕೆಳಗ ನಿಂತು ನೋಡೇನಿ." ಹೇಳುತ್ತ ಅವರು ಟೋಪಿ ತೆಗೆದು ಮುಖ ಮುಚ್ಚಿಕೊಳ್ಳುತ್ತಾರೆ.

ಆಮೇಲೆ ಆ ಮರದ ಐವತ್ತು ಹೆಜ್ಜೆಯೊಳಗೆ ಅವರು ಕಾಲಿಟ್ಟಿಲ್ಲ. ಅಷ್ಟು ವರ್ಷ ಖಾಲಿಯಿದ್ದ ಪೊಟರೆ ಈ ಜನವರಿಯಲ್ಲಿ ಮತ್ತೆ ಮುಚ್ಚಿಕೊಂಡಿದೆ.

"ದೇವರ ಮಾಫ್ ಮಾಡ್ಯಾನ, ಸುಮ್ಮ ಶಾಲು ಹೊತಗೊಳ್ರಿ," ಎನ್ನುತ್ತಾರೆ ಹೆಂಡತಿ ಸತ್ತೆವ್ವ.

ಆದರೆ ಶಾಲು ಹೊದಿಸುವವರು ನಿವೃತ್ತ ಜ್ಯೋತಿಬಾ. ನಿಜ ಹೇಳಲು ಗೂಳಪ್ಪ ಎರಡು ಸಲ ಅವರ ಮನೆಗೆ ಹೋಗಿದ್ದಾರೆ. ಎರಡು ಸಲವೂ ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ನಾಚಿಕೆ ಹೊತ್ತುಕೊಂಡೇ ವಾಪಸ್ ಬಂದಿದ್ದಾರೆ.

ಗಂಡು ಮತ್ತೆ ಹಣ್ಣಿಗೆ ಹಾರುತ್ತದೆ. ಗೂಳಪ್ಪ ನೋಟ್‌ಬುಕ್ ಮುಚ್ಚುತ್ತಾರೆ.

"ನಿಮ್ಮ ಪೇಪರಿನ್ಯಾಗ ಮಂಗ್ಯಾನ ಹೆಸರು ತಗದು ನನ್ನ ಹೆಸರು ಬರೀರಿ. ಜ್ಯೋತಿಬಾ ಮಾಮಾ ದಿನಾ ಪೇಪರ್ ಓದ್ತಾರ. ಓದಿದ ಮ್ಯಾಲೂ ಶಾಲು ಹೊಚ್ಚತೇನಿ ಅಂದ್ರ, ಬಂದು ತಲಿ ಬಗ್ಗಸ್ತೇನಿ."