ಕೆಂಪು ದಾರದಲ್ಲಿ ಹೊಲಿದ ಹೆಸರು

ಬೆಳಿಗ್ಗೆ ಎದ್ದ ಕೂಡಲೇ ಸಂತೆಕಲ್ಲೂರಿನ ಗುಲ್ಷನ್‌ಬೀಗೆ ಕಣ್ಣು ತೆರೆಯಲು ಆಗುವುದಿಲ್ಲ. ರೆಪ್ಪೆ ಒಳಗಿನಿಂದ ಅಂಟಿಕೊಂಡಿರುತ್ತದೆ. ತಲೆದಿಂಬಿನ ಕೆಳಗಿನ ಶೀಶೆ ತಡಕಿ, ಎರಡು ಹನಿ ಬಿಟ್ಟುಕೊಂಡು, ಮೆಲ್ಲಗೆ ಬಿಡಿಸಬೇಕು. ಅವಳ ಕಣ್ಣಲ್ಲಿ ನೀರು ಬಂದು ನಾಲ್ಕು ವರ್ಷವಾಯಿತು. ಅತ್ತೆ ತೀರಿಕೊಂಡ ದಿನ ಗಂಟಲು ಬಿದ್ದುಹೋಗುವಂತೆ ಅತ್ತಳು. ಕೆನ್ನೆ ಒಣಗಿಯೇ ಇತ್ತು. "ಒಂದ ಹನಿ ಇಲ್ಲ ನೋಡ್ರೆ. ನಾಟಕ ಭಾಳ ಚಂದ ಮಾಡಾಕತ್ತಾಳ," ಎಂದು ನೆರೆಮನೆಯ ಮುನ್ನಿಬೀ ಅಂದದ್ದು ಅವಳ ಕಿವಿಗೂ ಬಿತ್ತು.

ಕಾರಣ, ಬಿಡಿ ಗುಳಿಗೆ. ಈ ಕಡೆ ಗುಳಿಗೆಯ ಪೂರ್ತಿ ಪಟ್ಟಿ ಕೊಳ್ಳುವವರು ಕಡಿಮೆ. ಅಂಗಡಿಯವನು ಕೇಳಿದಷ್ಟನ್ನೇ ಕತ್ತರಿಸಿ ಪೊಟ್ಟಣ ಕಟ್ಟುತ್ತಾನೆ. ಔಷಧಿಯ ಹೆಸರಿದ್ದ ತುಂಡು ಅಂಗಡಿಯಲ್ಲೇ ಉಳಿಯುತ್ತದೆ. ಆ ವರ್ಷ ಉರಿಮೂತ್ರಕ್ಕೆಂದು ಮಸ್ಕಿಯಿಂದ ತಂದದ್ದನ್ನು ಅವಳು ಐದು ದಿನ ನುಂಗಿದಳು. ಆರನೆಯ ದಿನ ತುಟಿ ಒಡೆಯಿತು. ಬಾಯಿತುಂಬ ಬೊಬ್ಬೆ ಎದ್ದವು. ಆಮೇಲೆ ಬೆನ್ನಿನ ಚರ್ಮ ಕುಬಸಕ್ಕೆ ಅಂಟಿ ಕಿತ್ತುಬಂತು. ರಾಯಚೂರಿನ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಮಲಗಿದಳು. ಬೆರಳಿನ ಉಗುರು ಉದುರಿದವು, ಕಣ್ಣೀರು ಬತ್ತಿತು. ಮನೆಗೆ ಕಳಿಸುವಾಗ ಡಾಕ್ಟರು, ಮಸ್ಕಿಯ ಅಂಗಡಿಯಿಂದ ಕೇಳಿ ತಿಳಿದುಕೊಂಡು, ಸಲ್ಫಾ ಜಾತಿಯ ಆ ಔಷಧಿಯ ಹೆಸರನ್ನು ಇಂಗ್ಲಿಷಿನ ಬಿಡಿ ಅಕ್ಷರಗಳಲ್ಲಿ ಚೀಟಿಗೆ ಬರೆದುಕೊಟ್ಟರು. "ಇದು ಮತ್ತ ಹೊಟ್ಟಿಗೆ ಹೋದ್ರ ನಿನ್ನ ಉಳಸೂದು ಕಷ್ಟ ಐತಮ್ಮ."

ಮಡಿಚಿ ಮಡಿಚಿ ಚೀಟಿ ಹರಿಯತೊಡಗಿತು. ಕೌದಿ ಹೊಲಿದು ಬದುಕಿದವಳು ಅವಳು. ಇಂಗ್ಲಿಷ್ ಓದಲು ಬಾರದು. ಚೀಟಿಯಲ್ಲಿದ್ದ ಹದಿನೇಳು ಅಕ್ಷರಗಳನ್ನೂ ಬಿಳಿ ಬಟ್ಟೆಯ ತುಂಡಿನ ಮೇಲೆ ಕೆಂಪು ದಾರದಲ್ಲಿ ಹೊಲಿದುಕೊಂಡಳು. ಅವಳ ಕಣ್ಣು ಮಾಡಿದ ಕೊನೆಯ ಸೂಕ್ಷ್ಮ ಕೆಲಸ ಅದು.

ಹೋದ ವಾರ ಅದೇ ಉರಿ ಮರಳಿತು, ಜೊತೆಗೆ ಜ್ವರ. ಗಂಡ ಶಾಮೀದಸಾಬ ಊರಿನ ಅಂಗಡಿಯಿಂದ ಪೊಟ್ಟಣ ತಂದ.

"ಹೆಸರು ಎಲ್ಲೈತಿ?"

"ಅದಲ್ಲ ಇದು. ಕೇಳೇ ತಂದೀನಿ. ಬ್ಯಾರೆ ಕಂಪನಿ ಅಂತ."

"ಕಂಪನಿ ಬ್ಯಾರೆ ಆದ್ರ ಗುಳಿಗಿ ಬ್ಯಾರೆ ಆಗ್ತೈತೇನು?"

"ಅರೇ, ನುಂಗ ಬೇ! ಮೈ ಕೆಂಡ ಆಗೇತಿ."

ಒಂದು ಗುಳಿಗೆ ಅಂಗೈಗೆ ಬಂತು. ನುಂಗದಿದ್ದರೆ ಜ್ವರ ಏರುತ್ತದೆ. ನುಂಗಿದರೆ ಏನಾಗುತ್ತದೆಂದು ಅವಳ ಬೆನ್ನಿಗೆ ಗೊತ್ತು. ಗುಳಿಗೆಯನ್ನು ಪೊಟ್ಟಣಕ್ಕೆ ಹಾಕಿ, ಬಿಸಿಲು ತಾಳದ ಕಣ್ಣಿಗೆ ಕರಿ ಕನ್ನಡಕ ಏರಿಸಿ, ಬಟ್ಟೆಯ ತುಂಡು ಹಿಡಿದು ಅಂಗಡಿಗೆ ನಡೆದಳು. ಗಂಡ ಗೊಣಗುತ್ತ ಹಿಂದೆ ಬಂದ.

"ಏನ್ರೀ ಬೀ, ಹೀರೋಯಿನ್ ಆಗಿ ಬಂದ್ರಲ್ಲ!" ಅಂಗಡಿಯ ಅನಿಲಕುಮಾರ ನಕ್ಕ.

"ಇದನ್ನ ಕತ್ತರಿಸಿದ ಪಟ್ಟಿ ತೋರ್ಸಪ್ಪ."

ಮೇಲಿನ ದಪ್ಪ ಹೆಸರು ಬೇರೆಯೇ ಇತ್ತು. "ನಾ ಹೇಳ್ಲಿಲ್ಲ?" ಎಂದ ಶಾಮೀದಸಾಬ. ಅವಳು ಕಣ್ಣಿಗೆ ಹನಿ ಬಿಟ್ಟುಕೊಂಡು, ಬಟ್ಟೆಯನ್ನು ಪಟ್ಟಿಯ ಪಕ್ಕಕ್ಕೆ ಹಿಡಿದು, ಕೆಳಗಿನ ಸಣ್ಣ ಸಾಲಿನ ಮೇಲೆ ಉಗುರಿಲ್ಲದ ಬೆರಳು ಸರಿಸಿದಳು. ಒಂದು ಅಕ್ಷರ ಕೂಡಿತು. ಎರಡು. ಆರು. ಹನ್ನೊಂದಕ್ಕೆ ಬರುವಷ್ಟರಲ್ಲಿ ಅನಿಲಕುಮಾರನ ನಗೆ ನಿಂತಿತ್ತು. ಹದಿನೇಳೂ ಕೂಡಿದವು.

ಶಾಮೀದಸಾಬ ಅಂಗಡಿಯ ಕಟ್ಟೆಯ ಮೇಲೆ ಕೂತ. "ನನ್ನ ಕೈಲೇ ಕೊಟ್ಟಿದ್ನಲ್ಲೇ," ಎಂದ.

ಮಧ್ಯಾಹ್ನದ ಬಸ್ಸಿಗೆ ಲಿಂಗಸುಗೂರಿಗೆ ಹೋದರು. ಅಲ್ಲಿಯ ಡಾಕ್ಟರು ಬಟ್ಟೆಯನ್ನು ಎರಡು ಸಲ ಓದಿ, ಆ ಜಾತಿಗೆ ಸೇರದ ಬೇರೆ ಗುಳಿಗೆ ಬರೆದರು. ಈ ಸಲ ಶಾಮೀದಸಾಬ ಪೂರ್ತಿ ಪಟ್ಟಿಯನ್ನೇ ಕೊಂಡ, ಕತ್ತರಿ ಮುಟ್ಟಗೊಡಲಿಲ್ಲ.

ಜ್ವರ ಇಳಿದಿದೆ. ಆದರೂ ಗುಲ್ಷನ್‌ಬೀ ತಾಸಿಗೊಮ್ಮೆ ಕನ್ನಡಿ ಹಿಡಿದು ತುಟಿ ನೋಡಿಕೊಳ್ಳುತ್ತಾಳೆ, ನಾಲಿಗೆಯಿಂದ ಬಾಯೊಳಗೆಲ್ಲ ಸವರಿಕೊಳ್ಳುತ್ತಾಳೆ. ಹೋದ ಸಲ ಶುರುವಾದದ್ದು ಆರನೆಯ ದಿನ. ಹೊಸ ಗುಳಿಗೆ ಶುರುಮಾಡಿ ಇವತ್ತಿಗೆ ನಾಲ್ಕು.