ಗಾಲಿಗೆ ಕೊಟ್ಟ ಕಲ್ಲು

ಬೆನ್ನಿಗೆ ಚೀಲ ಹಾಕಿಕೊಂಡು ಅಲೆಯುತ್ತಿದ್ದ ನನಗೆ ಆ ಊರಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಹಳೆಯ ಬಸ್ಸೊಂದರೊಳಗಿನ ಹಾಸಿಗೆ. ಸೀಟು ಕಿತ್ತು, ಮಂಚ ಜೋಡಿಸಿ, ಅದನ್ನೇ ಲಾಡ್ಜು ಮಾಡಿದ್ದರು. ಜಾಹೀರಾತಿನಲ್ಲಿ ‘ವಿಶಿಷ್ಟ ಅನುಭವ’ ಎಂದಿತ್ತು, ಮಣ್ಣಂಗಟ್ಟಿ.

ಹಾಸಿಗೆ ಕೊಡವುತ್ತಿದ್ದ ಅಜ್ಜ ಒಂದು ಕಾಲದಲ್ಲಿ ಅದೇ ಬಸ್ಸಿನ ಡ್ರೈವರ್. ಆಗಲೇ ಅದರ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿರಲಿಲ್ಲ. ರಿಪೇರಿ ಮಾಡಿಸಿ ಎಂದು ಡಿಪೋದವರ ಮುಂದೆ ಅಂಗಲಾಚಿ ಸಾಕಾಗಿ, ನಿಲ್ಲಿಸಿದಲ್ಲೆಲ್ಲ ಗಾಲಿಗೆ ಕಲ್ಲು ಕೊಡುತ್ತಲೇ ಅವನ ನೌಕರಿ ಮುಗಿದಿತ್ತು.

ಸಂಜೆ ಅಜ್ಜ ಎರಡು ಕಲ್ಲು ತಂದು ಹಿಂದಿನ ಗಾಲಿಗಳಿಗೆ ಒತ್ತಿಟ್ಟ. ಆ ಗಾಲಿಗಳನ್ನೋ ಅರ್ಧಕ್ಕೆ ಸಿಮೆಂಟಿನಲ್ಲಿ ಹೂತುಬಿಟ್ಟಿದ್ದರು.

“ಇದಿನ್ನೆಲ್ಲಿಗೆ ಹೋಗುತ್ತೆ ಅಜ್ಜಾ?” ಎಂದೆ.

“ಒಳಗೆ ಜನ ಮಲಗ್ತಾರಲ್ಲಪ್ಪಾ. ಕಲ್ಲು ಕೊಡದೆ ಹೋದ್ರೆ ನಂಗೆ ನಿದ್ದೆ ಹತ್ತಲ್ಲ.”

ಉಳಿದುಕೊಳ್ಳಲು ಬಂದವರೆಲ್ಲ ಮೊಬೈಲ್ ಹಿಡಿದು ಸುತ್ತುವರಿದಿದ್ದರು. ಲಾಡ್ಜಿನ ಮಾಲೀಕ ಬಂದವನೇ ಕಲ್ಲುಗಳನ್ನು ಕಾಲಿನಿಂದ ಆಚೆ ತಳ್ಳಿದ.

“ಅಜ್ಜಾ, ಇವ್ರಿಗೆ ವಿಡಿಯೋ ಸರಿಯಾಗಿ ಬಂದಿಲ್ವಂತೆ. ಇನ್ನೊಂದ್ಸಲ ಇಡು. ಸ್ವಲ್ಪ ನಗ್ತಾ ಇಡು.”

ಅಜ್ಜ ಮಂಡಿ ಹಿಡಿದುಕೊಂಡು ಮತ್ತೆ ಬಗ್ಗಿದ. ಕಲ್ಲು ಇಟ್ಟ. ನಕ್ಕ ಕೂಡ.