ಅಂಕಲ್ ಹಬ್ಬಕ್ಕೆ ನನ್ನ ಸೋರೆ ಬಳ್ಳಿ

ಸ್ಕೋಕಿ ಎಂಬ ಊರಿನ ಆ ಮನೆಯಲ್ಲಿ ನಾವು ಕೆಳಗೆ, ಮನೆ ಮಾಲೀಕರು ಮೇಲೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಕೆಲಸ ಇದ್ದದ್ದು ಹೆಂಡತಿಗೆ. ಅವಳ ವೀಸಾದ ಬಾಲ ಹಿಡಿದು ಬಂದ ನನಗೆ ದುಡಿಯುವ ಹಕ್ಕಿರಲಿಲ್ಲ. ಮಂಡ್ಯದಲ್ಲಿ ಹೈಸ್ಕೂಲು ಮಕ್ಕಳ ಮೇಲೆ ಹಾರಾಡಿಕೊಂಡಿದ್ದ ಮೇಷ್ಟ್ರು ಇಲ್ಲಿ ದಿನವಿಡೀ ಟೀವಿ ನೋಡುತ್ತ ಕೂತರೆ ಹುಚ್ಚು ಹಿಡಿಯುವುದೊಂದೇ ಬಾಕಿ. ಅದಕ್ಕೇ ಹಿತ್ತಲಿಗೆ ಇಳಿದೆ.

ಮಾಲೀಕರು ಎಂಬತ್ತರ ಹತ್ತಿರದ ಯಹೂದಿ. ಅವರನ್ನು ಅಂಕಲ್ ಎಂದು ಕರೆದಾಗ ಮೊದಮೊದಲು ನಗುತ್ತಿದ್ದರು. ಆಮೇಲೆ ಅಂಕಲ್ ಅನ್ನದಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಪ್ರೀತಿಯಿಂದ ಕೊಟ್ಟ ಮೆಂತ್ಯ ಸೊಪ್ಪಿನ ಒಂದೊಂದು ಎಲೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹುಳ ಹುಡುಕುತ್ತಿದ್ದರು. ಅವರ ಧರ್ಮದಲ್ಲಿ ಹುಳ ಹೊಟ್ಟೆಗೆ ಹೋಗಕೂಡದು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು, ನನ್ನ ಉತ್ತರಪತ್ರಿಕೆಯನ್ನು ಯಾರೋ ತಿದ್ದುತ್ತಿದ್ದಾರೆ ಅನ್ನಿಸಿ.

ಆ ವರ್ಷದ ಮಾರ್ಚಿನಲ್ಲಿ ಅವರ ಹೆಂಡತಿ ತೀರಿಕೊಂಡಿದ್ದರು. ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನಲ್ಲಿದ್ದ ಮಗಳು ವಾರಕ್ಕೆರಡು ಸಲ ಫೋನ್ ಮಾಡಿ, ಮನೆ ಮಾರಿ ನಮ್ಮಲ್ಲಿಗೆ ಬಂದುಬಿಡಿ ಅನ್ನುತ್ತಿದ್ದಳು. ಇವರು ಆಗುವುದಿಲ್ಲ ಅನ್ನುತ್ತಿದ್ದರು. ನನಗೆ ಬೇಕಾಗಿದ್ದೂ ಅದೇ. ಹಗಲು ಹೊತ್ತು ನನ್ನ ಜೊತೆ ಮಾತಾಡಲು ಇದ್ದವರು ಅವರೊಬ್ಬರೇ.

ಜೂನಿನಲ್ಲಿ ಸೋರೆ ಬಳ್ಳಿ ನನ್ನೆತ್ತರ ಬೆಳೆದು ಚಪ್ಪರ ಕೇಳತೊಡಗಿತು. ಅಂಕಲ್ ಗ್ಯಾರೇಜು ತೆಗೆದು ಮರದ ಕಂಬಗಳನ್ನೂ ಪಟ್ಟಿಗಳನ್ನೂ ತೋರಿಸಿದರು. ಸುಕ್ಕೋತ್ ಎಂಬ ಅವರ ಹಬ್ಬದಲ್ಲಿ ಹಿತ್ತಲಲ್ಲೊಂದು ಗುಡಿಸಲು ಕಟ್ಟಿ, ಸೊಪ್ಪುಸದೆ ಹೊದಿಸಿ, ಒಂದು ವಾರ ಅದರೊಳಗೇ ಊಟ ಮಾಡುತ್ತಾರಂತೆ. ಇದು ಆ ಗುಡಿಸಲಿನ ಮರ.

"ತಗೋ, ಈ ವರ್ಷ ನಂಗೆ ಬೇಡ," ಅಂದರು. "ನಲವತ್ತು ವರ್ಷ ಅವಳು ಹೇಳಿದ ಹಾಗೆ ಕಟ್ಟಿದೀನಿ. ಇನ್ಯಾರಿಗೆ ಕಟ್ಟಲಿ?" ಅವರು ಆಡಿದ್ದು ಇಂಗ್ಲಿಷು. ನನ್ನ ನೆನಪಿನಲ್ಲಿ ಅವರು ಕನ್ನಡದವರೇ ಆಗಿಬಿಟ್ಟಿದ್ದಾರೆ.

ಆ ಬೇಸಿಗೆಯಷ್ಟು ಸುಖವನ್ನು ಮತ್ತೆ ಕಂಡಿಲ್ಲ. ಸಂಜೆ ಬಿಳಿ ಹೂವು ಅರಳಿದಾಗ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ನಾನೇ ತಾಗಿಸುತ್ತಿದ್ದೆ. ಅಂಕಲ್ ಮಡಿಸುವ ಕುರ್ಚಿಯಲ್ಲಿ ಕೂತು, ಮದುವೆ ದಲ್ಲಾಳಿ ಬಂದ ಎಂದು ಕಿಚಾಯಿಸುತ್ತಿದ್ದರು. ಅಳಿಲುಗಳಿಗೆ ಅವರು ತಮ್ಮ ಯಿಡ್ಡಿಷ್‌ನಲ್ಲಿ ಬೈದರೆ ನಾನು ಕನ್ನಡದಲ್ಲಿ ಬೈಯುತ್ತಿದ್ದೆ. ಎರಡಕ್ಕೂ ಅವು ಕ್ಯಾರೇ ಅನ್ನುತ್ತಿರಲಿಲ್ಲ. ಆಗಸ್ಟ್ ಮುಗಿಯುವಷ್ಟರಲ್ಲಿ ಚಪ್ಪರದ ತುಂಬ ಎಲೆ, ಕೆಳಗೆ ಹತ್ತೊಂಬತ್ತು ಕಾಯಿ.

ಸೆಪ್ಟೆಂಬರಿನಲ್ಲೊಂದು ಬೆಳಿಗ್ಗೆ ಅಂಕಲ್ ತಡವರಿಸುತ್ತ ಹೇಳಿದರು. "ಮಗಳು ಮಕ್ಕಳನ್ನ ಕರ್ಕೊಂಡು ಹಬ್ಬಕ್ಕೆ ಬರ್ತಾಳಂತೆ. ಕಟ್ಟೋಣ ಅನ್ನಿಸ್ತಿದೆ."

"ಕಟ್ಟೋದೇನು ಅಂಕಲ್, ರೆಡಿ ಇದೆ!" ಎಂದು ಅವರ ಕೈ ಹಿಡಿದು ಚಪ್ಪರದ ಕೆಳಗೆ ನಿಲ್ಲಿಸಿದೆ. ಸುತ್ತ ಪ್ಲೈವುಡ್ ನಿಲ್ಲಿಸಿದರೆ ಗೋಡೆಯಾಯಿತು, ಮೇಲೆ ಇಷ್ಟು ದಟ್ಟ ಹಸಿರು. ಅಂಕಲ್ ತಲೆಯೆತ್ತಿ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಬೇರು ನೆಲದಲ್ಲಿದೆಯಲ್ಲೋ! ಬೆಳೀತಾ ಇರೋ ಬಳ್ಳಿ ನಮ್ಮ ಸೂರಿಗೆ ಆಗಲ್ಲ. ನೆಲದಿಂದ ಕತ್ತರಿಸಿದ್ದೇ ಆಗಬೇಕು."

ನನಗೆ ಪಿತ್ತ ನೆತ್ತಿಗೇರಿತು. "ಕಾಯಿ ಬಿಟ್ಟಿರೋ ಬಳ್ಳೀನ ಕತ್ತರಿಸ್ತಾರಾ ಯಾರಾದ್ರೂ? ನಮ್ಮ ಕಡೆ ಇದನ್ನ ಪಾಪ ಅಂತಾರೆ."

"ಕತ್ತರಿಸು ಅಂತ ನಾನು ಕೇಳಲಿಲ್ವಲ್ಲ," ಅಂದರು ಅಂಕಲ್. "ಬಿಡು. ಈ ವರ್ಷ ಬೇಡ ಅಂತಲೇ ಇದ್ದೆ." ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದರು.

ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಮರ ಅವರದು, ಬಳ್ಳಿ ನನ್ನದು. ಬಳ್ಳಿ ಬಿಡಿಸಿ ಮರ ವಾಪಸು ಕೊಡೋಣವೆಂದರೆ ಅಷ್ಟು ಸುತ್ತಿಕೊಂಡದ್ದು ಹೇಗೂ ಉಳಿಯುವುದಿಲ್ಲ. ಊಟಕ್ಕೆ ಕೂತಾಗ ಹೆಂಡತಿ ಚೆನ್ನಾಗಿಯೇ ಗ್ರಹಚಾರ ಬಿಡಿಸಿದಳು.

"ರೀ, ಸೋರೇಕಾಯಿಗೆ ಇಷ್ಟೊಂದು ಬಿಗುಮಾನಾನಾ? ಆಂಟಿ ಹೋದ್ಮೇಲೆ ಅವರಿಗಿದು ಮೊದಲ್ನೇ ಹಬ್ಬ. ಅಪ್ಪನ ಕೈಲಿ ಹಬ್ಬಾನೂ ಮಾಡಕ್ಕಾಗ್ತಿಲ್ಲ ಅಂತ ಮಗಳು ಕಣ್ಣಾರೆ ನೋಡಿದ್ರೆ ಬಿಡ್ತಾಳಾ? ಪ್ಯಾಕ್ ಮಾಡಿಸಿ ಡ್ರೈವ್ ಮಾಡ್ಕೊಂಡು ಹೋಗ್ತಾಳೆ, ಅಷ್ಟೆ. ಆಮೇಲೆ ನಿಮ್ಮ ಬಳ್ಳೀನ ತಬ್ಕೊಂಡು ಕೂತ್ಕೊಳ್ಳಿ."

ಹಬ್ಬ ಶುರುವಾಗುವ ದಿನ ಮಧ್ಯಾಹ್ನ ಕತ್ತರಿ ಹಿಡಿದು ಬುಡದಲ್ಲಿ ಕೂತೆ. ಹೆಬ್ಬೆರಳಿನಷ್ಟು ದಪ್ಪ. ಎರಡೇ ಸಲಕ್ಕೆ ತುಂಡಾಯಿತು, ತುದಿಯಲ್ಲಿ ನೀರು ಒಸರಿತು. ಅಳು ಬರಲಿಲ್ಲ. ಮೇಲೆ ಹೋಗಿ ಬಾಗಿಲು ಬಡಿದೆ.

ಅಂಕಲ್ ಇಳಿದು ಬಂದು ಬುಡ ನೋಡಿದರು, ನನ್ನ ಮುಖ ನೋಡಿದರು. ಬರೀ ಕತ್ತರಿಸಿದರೆ ಸಾಲದಂತೆ. ಒಂದೊಂದು ಕುಡಿಯನ್ನೂ ಎತ್ತಿ, ಸೂರಿಗೆಂದೇ ಹೊಸದಾಗಿ ಮತ್ತೆ ಇಡಬೇಕಂತೆ. ನಾನು ಏಣಿ ಹತ್ತಿದೆ. "ಎತ್ತು. ಇಡು. ಅದನ್ನ ಬಿಟ್ಟೆ ನೋಡು," ಎಂದು ಕೆಳಗಿನಿಂದ ಮೇಷ್ಟರಿಗೇ ಪಾಠ ಹೇಳಿದರು. ಪಲ್ಯಕ್ಕೆ ಎರಡು ಕಾಯಿ ಕಿತ್ತಿಟ್ಟು, ಉಳಿದವು ಅಲಂಕಾರಕ್ಕೆ ತೂಗಲಿ ಅಂದರು.

ಮಗಳು ಬಂದದ್ದು ಹಬ್ಬದ ನಡುವಿನ ಒಂದು ದಿನ, ಇಬ್ಬರು ಮಕ್ಕಳೊಂದಿಗೆ. ನಾನು ಅಂಕಲ್ ಅಡುಗೆಮನೆಯಲ್ಲಿ, ಅವರದೇ ಪಾತ್ರೆಯಲ್ಲಿ ಸೋರೇಕಾಯಿ ಪಲ್ಯ ಮಾಡಿದೆ. ಅವರ ನಿಯಮದಂತೆ ಒಲೆಯನ್ನು ಅವರೇ ಹಚ್ಚಿದರು. ಅಷ್ಟು ಹೊತ್ತಿಗೆ ಎಲೆಯೆಲ್ಲ ಸುರುಟಿ, ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಒಣಗಿದೆಲೆಯ ಪುಡಿ ಸೂಪಿಗೆ ಉದುರಿದಾಗ ಮಕ್ಕಳು ಕೇಕೆ ಹಾಕಿದರು. ಅಂಕಲ್ ದ್ರಾಕ್ಷಾರಸದ ಬಟ್ಟಲು ಹಿಡಿದು ಹಾಡಿದರು. ನಾನು ಹೆಂಡತಿಗೆ ಕಣ್ಣು ಮಿಟುಕಿಸಿದೆ. ಇನ್ನು ಇವರನ್ನು ಯಾರು ಕರೆದುಕೊಂಡು ಹೋಗುತ್ತಾರೆ?

ಊಟ ಮುಗಿಯುತ್ತ ಬಂದಾಗ ಅಂಕಲ್ ಚಮಚ ಕೆಳಗಿಟ್ಟು ಮಗಳ ಕಡೆ ತಿರುಗಿದರು. "ಬರ್ತೀನಿ ಕಣಮ್ಮ. ಮನೆ ಮಾರೋಣ."

ಮಗಳು ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ. "ಮತ್ತೆ ಇದೆಲ್ಲ ಯಾಕೆ ಬೇಕಿತ್ತು, ಅಂಕಲ್?"

"ಅವಳಿಲ್ಲದೆ ಇಲ್ಲಿ ಒಂದು ಹಬ್ಬ ಮಾಡಕ್ಕಾಗುತ್ತಾ ಅಂತ ನೋಡಬೇಕಿತ್ತು," ಅಂದರು. "ಆಯ್ತು. ಮಾಡದೆ ಹೋಗಿದ್ರೆ ಓಡಿಹೋದ ಹಾಗಾಗ್ತಿತ್ತು. ನೀನು ಕತ್ತರಿಸಿ ಕೊಟ್ಟೆಯಲ್ಲ, ಈಗ ಹೋಗಬಹುದು."

ಪಲ್ಯದ ಪಾತ್ರೆ ಎತ್ತಿಕೊಂಡು ಮೇಲೆ ಹೋದೆ. ಅವರ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ತಿರುಗಿಸಿ, ಬಳ್ಳಿಯ ಬುಡದಲ್ಲಿ ಬಾರದ ಅಳುವನ್ನೆಲ್ಲ ಅಲ್ಲಿ ಅತ್ತೆ. ಅವರು ಹೋಗದಿರಲಿ ಎಂದೇ ನಾನದನ್ನು ಕತ್ತರಿಸಿದ್ದು.